ಹದಿನೇಳರ ಮಗ್ಗಿ

ಬೆಳಗಿನ ಐದಕ್ಕೇ ಮೂವತ್ತೊಂಬತ್ತು ಡಿಗ್ರಿ.
ಫಹಾಹೀಲಿನ ಕಡಲ ದಂಡೆಯಲ್ಲಿ ನಡೆಯುವವರು
ಜೂನ್ ತಿಂಗಳಿಗೇ ಮುಗಿದರು. ಕಿಟಕಿಯಾಚೆ ಧೂಳು,
ಧೂಳಿನಾಚೆ ರಿಫೈನರಿಯ ಬೆಂಕಿ,
ಹಳೆ ಪಂಚೆಯ ಮರೆಗಿಟ್ಟ ದೀಪದ ಹಾಗೆ.

ಕಪಾಟಿಗೂ ಮಂಚಕ್ಕೂ ನಡುವೆ
ಇಪ್ಪತ್ತೈದು ದಿನಾರಿನ ಟ್ರೆಡ್‌ಮಿಲ್.
ಗಂಟುಮೂಟೆ ಕಟ್ಟಿ ಕ್ಯಾಂಡಿಗೆ ಹೊರಟ
ಲೆಕ್ಕಿಗ ಸುನಿಮಲ್ ಕೊಟ್ಟುಹೋದದ್ದು.
ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೂವರು ಹೆಗಲು ಕೊಟ್ಟರು.
ನಾಲ್ಕನೆಯವನನ್ನು ಕರೆಯಲೇ ಎಂದರೆ ಬೇಡವೆಂದೆ,
ಲೆಕ್ಕ ಬೇರೆ ಆಗಿಬಿಡುತ್ತದೆ.
ನನಗೆ ಭಾರ ಎತ್ತುವ ಹಕ್ಕಿಲ್ಲ.
ಅದರ ಕೆಂಪು ಕೀಲಿಯೊಂದನ್ನು ಹಿಡಿದು
ಹಿಂದೆ ಹಿಂದೆ ಹತ್ತಿದೆ, ಪ್ರತಿ ತಿರುವಿನಲ್ಲೂ ನಿಂತು.

ನಾನು ಗೇಜು ನೋಡಿ ಅನ್ನ ಉಂಡವನು.
ಇಪ್ಪತ್ತಾರು ವರ್ಷ ಪೈಪಿಗೆ ನೀರು ತುಂಬಿಸಿ, ಒತ್ತಡ ಏರಿಸಿ,
ಮುಳ್ಳು ಎಲ್ಲಿ ನಡುಗುತ್ತದೋ ಎಂದು ಕಣ್ಣು ನೆಟ್ಟು ಕೂತವನು.
ಎಷ್ಟು ತಾಳುತ್ತೇನೆಂದು ಪೈಪೇ ಹೇಳಬೇಕು, ಕಾಗದವಲ್ಲ.
ಈಗ ಎದೆಯೊಳಗೆ
ಎರಡು ಅಕ್ಕಿಕಾಳಿನಷ್ಟು ಉದ್ದದ ಜಾಲರಿ.
ಯಾರೋ ಮಾಡಿದ ಕೆಲಸ.
ಪರೀಕ್ಷಿಸಿದ್ದೇನೆ ಎಂದು ನಾನಿನ್ನೂ ಸಹಿ ಹಾಕಿಲ್ಲ.

ಡಾಕ್ಟರ್ ಹನಾನ್ ಚೀಟಿಯಲ್ಲಿ ಬರೆದದ್ದು ಒಂದೇ ಅಂಕಿ:
ನೂರ ಹದಿನೆಂಟು.
ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆಯುವ ಲೆಕ್ಕ ನಿಮಗಲ್ಲ,
ನಿಮ್ಮ ಗುಂಡಿಗೆಯ ಲಗಾಮು ಮಾತ್ರೆಯ ಕೈಲಿದೆ ಅಂದರು.
ಅಂಕಿ ನೋಡಿ, ಅಂಕಿಯೊಂದನ್ನೇ ನಂಬಬೇಡಿ.
ನಡೆಯುತ್ತ ಮಾತಾಡಿ. ಮಾತು ತುಂಡಾದರೆ ನಿಧಾನಿಸಿ.

ಯಾರ ಜೊತೆ ಮಾತಾಡಲಿ?
ವಾರಿಜಾ ರಾತ್ರಿ ಪಾಳಿ ಮುಗಿಸಿ ಬರುವುದು ಏಳಕ್ಕೆ.
ಚಿಲಕ ಹಾಕಿಕೊಳ್ಳಬೇಡಿ ಎಂದಷ್ಟೇ ಹೇಳಿ ಹೋಗಿರುತ್ತಾಳೆ,
ಅದರರ್ಥವನ್ನು ಇಬ್ಬರೂ ಬಿಡಿಸಿ ನೋಡುವುದಿಲ್ಲ.

ಅದಕ್ಕೇ ಮಗ್ಗಿ.

ಎದೆಗೆ ಪಟ್ಟಿ ಬಿಗಿಯುತ್ತೇನೆ, ಒಳಮೈಗೆ ನೀರು ಸವರಿ;
ಒಣಗಿದ್ದರೆ ಅದು ಸುಳ್ಳು ಹೇಳುತ್ತದೆ.
ಕೆಂಪು ದಾರದ ಕೊಕ್ಕೆ ಬನಿಯನ್ನಿಗೆ,
ಈ ವಯಸ್ಸಿಗೆ ಇನ್ನೊಂದು ಉಡಿದಾರ.
ಕಾಲು ಜಾರಿದರೆ ಕೀಲಿ ಕಿತ್ತು ನಿಲ್ಲುತ್ತದೆ,
ಯಂತ್ರ ಮಾತ್ರ.

ಎಂಬತ್ತೆರಡು. ಹನ್ನೆರಡರ ಮಗ್ಗಿ ಸಲೀಸು.
ತೊಂಬತ್ತಾರು. ಹದಿಮೂರು, ಹದಿನಾಲ್ಕು,
ನಲವತ್ತೈದು ವರ್ಷ ಬಾಯಿಗೆ ಬಾರದವು
ಹೆಜ್ಜೆಗೊಂದರಂತೆ ಎದ್ದು ಬರುತ್ತವೆ.
ನೂರ ಎಂಟು. ಹದಿನಾರು ಮುಗಿಯಿತು.
ಹದಿನೇಳ್ ಒಂದ್ಲೆ ಹದಿನೇಳು
ಹದಿನೇಳ್ ಎರಡ್ಲೆ ಮೂವತ್ನಾಲ್ಕು

ಮಂಗಳವಾರ, ಏಳ್ಲೆ ಎಂದಾಗ ಉಸಿರು ಸಿಕ್ಕಿಕೊಂಡಿತು.
ಉತ್ತರ ಬಾಯಿಗೆ ಬರಲಿಲ್ಲ,
ಎದುರಿನ ಪರದೆಯ ಮೇಲೆ ಬಂತು:
ನೂರ ಹತ್ತೊಂಬತ್ತು.

ಒಮ್ಮೆಲೇ ನಿಲ್ಲಬಾರದು. ಕಂಬಿ ಹಿಡಿದು
ಐದರಿಂದ ನಾಲ್ಕು, ನಾಲ್ಕರಿಂದ ಎರಡೂವರೆ,
ಕೊನೆಗೆ ಮದುವೆಮನೆಯ ಮುದುಕರ ನಡಿಗೆ.
ತೊಂಬತ್ತಕ್ಕಿಳಿದ ಮೇಲೆ ಕೆಳಗಿಳಿದೆ.
ವಾರಿಜಾಗೆ ಹೇಳಿದೆ. ಚೀಟಿಯಲ್ಲಿ ಬರೆದಿಟ್ಟಳು.

ಮರುದಿನ ಲಿಫ್ಟಿನಲ್ಲಿ ಕೆಳಮನೆಯ ಈಜಿಪ್ಟಿನ ಹುಡುಗಿ, ರೀಹಾಮ್.
ಎರಡು ಜಡೆ, ಕೈಯಲ್ಲಿ ಬಿಸಿ ಖುಬ್ಬೂಸಿನ ಚೀಲ.
ಅಮ್ಮೋ, ನಿನ್ನೆ ಯಾಕೆ ಮುಗಿಸಲಿಲ್ಲ?
ಏನನ್ನು?
ಗೊತ್ತಿಲ್ಲವೇ ಎಂಬಂತೆ ನೋಡಿದಳು. ಆಮೇಲೆ ಗಂಟಲಿಂದ,
ಪ್ರಾರ್ಥನೆ ಒಪ್ಪಿಸುವಷ್ಟು ನಿಷ್ಠೆಯಿಂದ:
ಹಾದಿನೇಲ್ ಎಂಟ್ಲೆ ನೂರಾ ಮೂವತಾರು.

ಎ.ಸಿ.ಯ ಕೊಳವೆಯಲ್ಲಿ ಇಳಿದು ಹೋಗಿತ್ತು.
ಅರ್ಥ ಕೇಳಲಿಲ್ಲ ಅವಳು.
ತಲೆಯ ಮೇಲೆ ನಡೆಯುತ್ತಿದ್ದರೆ ನಿದ್ದೆಯಂತೆ,
ನಿಂತರೆ ಎಚ್ಚರವಂತೆ.

ನಮ್ಮ ಕೆಲಸದಲ್ಲಿ ಒಂದು ನಿಯಮ:
ಗೇಜಿನ ಮುಂದೆ ಇಬ್ಬರಿರಬೇಕು,
ಓದುವವನೊಬ್ಬ, ಸಾಕ್ಷಿಯೊಬ್ಬ.

ಗುರುವಾರ, ವೇಗ ಅರ್ಧ ಇಳಿಸಿ ಹೊರಟೆ.
ಹದಿನೇಳ್ ಹತ್ಲೆ ನೂರಾ ಎಪ್ಪತ್ತು.
ಪರದೆಯಲ್ಲಿ ನೂರ ಹದಿನಾಲ್ಕು.
ಕೆಳಗೆ ಯಾರೂ ಎದ್ದಿಲ್ಲ.